ಹಂಡೆಯ ಒಳಗೊಂದು, ಹೊರಗೊಂದು: ವಿಭಜನೆ ಮತ್ತು ದಹನ ಕ್ರಿಯೆಗಳು

ಚಿತ್ರದುರ್ಗದ ಕಡೆ ಬೋರ್‌ವೆಲ್ ನೀರು ಕಾಯಿಸುವ ಬಚ್ಚಲುಮನೆಯ ಹಂಡೆಯನ್ನು ಒಮ್ಮೆ ಗಮನಿಸಿ. ಹೊರಮೈಗೆ ಕಪ್ಪು ಮಸಿ ಹತ್ತಿರುತ್ತದೆ. ಒಳಮೈಗೆ ಉಗುರಿನಿಂದ ಕೆರೆದರೂ ಬಿಡದ ಬಿಳಿ ಪೊರೆ ಕಟ್ಟಿರುತ್ತದೆ. ಆ ಮಸಿ ಪೂರ್ತಿ ಉರಿಯದೆ ಉಳಿದ ಇಂಗಾಲ (ಕಾರ್ಬನ್), ಅಂದರೆ ಅರೆಬರೆ ದಹನದ ಗುರುತು. ಬಿಳಿ ಪೊರೆ ವಿಭಜನೆಯ ಗುರುತು. ಗಡಸು ನೀರಿನಲ್ಲಿ ಕರಗಿರುವ ಕ್ಯಾಲ್ಸಿಯಂ ಬೈಕಾರ್ಬೋನೇಟ್ ಬಿಸಿಗೆ ಒಡೆದು ಮೂರು ಪಾಲಾಗುತ್ತದೆ:

ಕ್ಯಾಲ್ಸಿಯಂ ಬೈಕಾರ್ಬೋನೇಟ್ → ಕ್ಯಾಲ್ಸಿಯಂ ಕಾರ್ಬೋನೇಟ್ + ನೀರು + ಕಾರ್ಬನ್ ಡೈಆಕ್ಸೈಡ್

ಕಾರ್ಬೋನೇಟ್ ನೀರಿನಲ್ಲಿ ಕರಗುವುದಿಲ್ಲ, ಹಾಗಾಗಿ ಹಂಡೆಗೆ ಅಂಟಿಕೊಳ್ಳುತ್ತದೆ. ಆ ಪೊರೆಯ ಚೂರಿಗೆ ನಿಂಬೆರಸ ಹಿಂಡಿದರೆ ಸಣ್ಣಗೆ ನೊರೆ ಬರುತ್ತದೆ. ಅದು ಕಾರ್ಬೋನೇಟ್ ಎಂಬುದಕ್ಕೆ ಅಷ್ಟು ಸಾಕು.

ಹತ್ತನೇ ತರಗತಿಯ ಪುಸ್ತಕದಲ್ಲಿ ವಿಭಜನೆಗೊಂದು ತಲೆಬರಹ ಇರುತ್ತದೆ, ದಹನ ಕೆಳಗಿನ ತರಗತಿಯಲ್ಲೇ ಬಂದುಹೋಗಿರುತ್ತದೆ. ಮಕ್ಕಳು ಎರಡನ್ನೂ ಬೇರೆ ಬೇರೆಯಾಗಿ ಬಾಯಿಪಾಠ ಮಾಡುತ್ತಾರೆ. ಒಂದು ಪದಾರ್ಥ ಒಡೆದು ಎರಡೋ ಹೆಚ್ಚೋ ಪದಾರ್ಥಗಳಾದರೆ ವಿಭಜನೆ. ಪದಾರ್ಥವೊಂದು ಆಕ್ಸಿಜನ್ ಜೊತೆ ವರ್ತಿಸಿ ಶಾಖ, ಸಾಮಾನ್ಯವಾಗಿ ಬೆಳಕನ್ನೂ ಕೊಟ್ಟರೆ ದಹನ. ವ್ಯಾಖ್ಯೆಗಳು ಸರಿಯೇ. ಆದರೆ ಒಲೆಯಲ್ಲಿ, ಸುಣ್ಣದ ಗೂಡಿನಲ್ಲಿ, ಶಾಲೆಯ ಪ್ರಯೋಗದ ಮೇಜಿನ ಮೇಲೆ ಇವೆರಡೂ ಸದಾ ಜೊತೆಯಲ್ಲೇ ಇರುತ್ತವೆ. ಒಂದು ಶಾಖ ಕೊಡುತ್ತದೆ, ಇನ್ನೊಂದು ಆ ಶಾಖವನ್ನು ತಿಂದು ಒಡೆಯುತ್ತದೆ. ಎಷ್ಟೋ ಸಲ ಒಡೆದು ಬಂದದ್ದೇ ಮತ್ತೆ ಉರುವಲಾಗುತ್ತದೆ. ಆದ್ದರಿಂದ ಯಾವ ಕ್ರಿಯೆ ಕಂಡರೂ ಎರಡು ಪ್ರಶ್ನೆ ಕೇಳಿಕೊಳ್ಳುವ ಅಭ್ಯಾಸ ಒಳ್ಳೆಯದು: ಶಾಖ ಎಲ್ಲಿಂದ ಬಂತು? ಆಕ್ಸಿಜನ್ ಎಲ್ಲಿಂದ ಬಂತು?

ಹಸಿರು ಹರಳು ಕೆಂಪಾಗುವ ತನಕ

ಪ್ರಯೋಗ ಶುರು ಮಾಡಲು ಫೆರಸ್ ಸಲ್ಫೇಟ್‌ಗಿಂತ ಒಳ್ಳೆಯ ಪದಾರ್ಥವಿಲ್ಲ, ಯಾಕೆಂದರೆ ಇದರ ಪ್ರತಿ ಹಂತಕ್ಕೂ ಒಂದೊಂದು ಬಣ್ಣವಿದೆ. ಒಣಗಿದ ಪ್ರನಾಳಕ್ಕೆ (ಟೆಸ್ಟ್ ಟ್ಯೂಬ್) 2 ಗ್ರಾಂ ಹರಳು ಹಾಕಿ. ಬಾಟಲಿಯಲ್ಲಿ ವರ್ಷಗಟ್ಟಲೆ ಕೂತ ಹರಳಿನ ಮೇಲೆ ಕಂದು ಪುಡಿ ಹತ್ತಿರುತ್ತದೆ. ಅದು ಗಾಳಿಗೆ ಈಗಾಗಲೇ ಉತ್ಕರ್ಷಣಗೊಂಡ, ಅಂದರೆ ಆಕ್ಸಿಜನ್ ಜೊತೆ ವರ್ತಿಸಿದ ಭಾಗ. ಅದನ್ನು ಬಿಟ್ಟು ತಿಳಿಹಸಿರು ಹರಳುಗಳನ್ನೇ ಆರಿಸಿಕೊಳ್ಳಿ; ಇಲ್ಲದಿದ್ದರೆ ಕೊನೆಯಲ್ಲಿ ಬರುವ ಕಂದು ಬಣ್ಣ ಮೊದಲೇ ಇತ್ತೋ ಆಮೇಲೆ ಬಂತೋ ಹೇಳಲಾಗದು.

ಪ್ರನಾಳವನ್ನು ಅದರ ಬಾಯಿಯ ಹತ್ತಿರ ಹೋಲ್ಡರ್‌ನಿಂದ ಹಿಡಿದು, ಹೆಚ್ಚುಕಡಿಮೆ ಅಡ್ಡಲಾಗಿ, ಬಾಯಿ ತುಸುವೇ ಕೆಳಗೆ ಬಾಗಿರುವಂತೆ ಇಟ್ಟು ಕಾಯಿಸಬೇಕು. ಈ ಹರಳಿನ ಪ್ರತಿ ಫೆರಸ್ ಸಲ್ಫೇಟ್ ಘಟಕದ ಜೊತೆ 7 ನೀರಿನ ಅಣುಗಳು ಇರುತ್ತವೆ. ತೂಕದಲ್ಲಿ ಲೆಕ್ಕ ಹಾಕಿದರೆ ಹರಳಿನ 45 ಪ್ರತಿಶತ ನೀರೇ! 2 ಗ್ರಾಂ ಹರಳಿನಿಂದ 0.9 ಗ್ರಾಂ ನೀರು ಹೊರಬಂದು ಪ್ರನಾಳದ ತಣ್ಣಗಿನ ಭಾಗದಲ್ಲಿ ಹನಿಗಟ್ಟುತ್ತದೆ. ಬಾಯಿ ಮೇಲಿದ್ದರೆ ಆ ಹನಿ ಜಾರಿ ಕಾದ ತಳಕ್ಕೆ ಬಿದ್ದು ಗಾಜು ಚಟ್ಟನೆ ಸೀಳುತ್ತದೆ. ತರಗತಿಗಳಲ್ಲಿ ಪ್ರನಾಳ ಒಡೆಯಲು ಇದು ಸಾಮಾನ್ಯ ಕಾರಣ.

ನೀರು ಹೋದಂತೆ ಹಸಿರು ಮಾಸಿ ಬಿಳಿ ಪುಡಿಯಾಗುತ್ತದೆ. ಇಲ್ಲಿಗೇ ದೀಪ ಆರಿಸಿ "ವಿಭಜನೆ ಆಯಿತು" ಎಂದು ಬರೆಯುವವರು ಬಹಳ. ಇನ್ನೂ ಆಗಿಲ್ಲ. ಹೋಗಿರುವುದು ಹರಳಿನೊಳಗಿನ ನೀರಷ್ಟೇ. ತಣ್ಣಗಾದ ಬಿಳಿ ಪುಡಿಗೆ ಎರಡು ಹನಿ ನೀರು ಬಿಟ್ಟರೆ ಹಸಿರು ಛಾಯೆ ಮರಳುತ್ತದೆ. ಈ ಪರೀಕ್ಷೆಯನ್ನು ಬೇರೊಂದು ಪ್ರನಾಳದಲ್ಲಿ ಮಾಡಿ ತೋರಿಸುವುದು ಒಳಿತು.

ಮೊದಲ ಪ್ರನಾಳವನ್ನು ಇನ್ನೂ ಜೋರಾಗಿ ಕಾಯಿಸಿ. ಸ್ಪಿರಿಟ್ ದೀಪದಲ್ಲಿ ಇದು ತಡ, ಬುನ್ಸನ್ ದೀಪದಲ್ಲಿ ಬೇಗ. ಬಿಳಿ ಪುಡಿ ಮೊದಲು ಹಳದಿಗೆ ತಿರುಗಿ, ಆಮೇಲೆ ಇಟ್ಟಿಗೆ ಪುಡಿಯ ಕೆಂಪುಕಂದು ಆಗುತ್ತದೆ. ಗಂಧಕ ಸುಟ್ಟ ಘಾಟು ಬರುತ್ತದೆ.

2 ಫೆರಸ್ ಸಲ್ಫೇಟ್ → ಫೆರಿಕ್ ಆಕ್ಸೈಡ್ + ಸಲ್ಫರ್ ಡೈಆಕ್ಸೈಡ್ + ಸಲ್ಫರ್ ಟ್ರೈಆಕ್ಸೈಡ್

ಮೂಗು ಹತ್ತಿರ ಒಯ್ಯಬೇಡಿ. ಅಂಗೈಯಿಂದ ಗಾಳಿ ಬೀಸಿಕೊಂಡು ವಾಸನೆ ನೋಡಿದರೆ ಸಾಕು. ಅದಕ್ಕಿಂತ ಒಳ್ಳೆಯ ಉಪಾಯ, ಪೊಟ್ಯಾಸಿಯಂ ಪರ್ಮಾಂಗನೇಟ್‌ನ ತೆಳು ದ್ರಾವಣದಲ್ಲಿ ಅದ್ದಿದ ಸೋಸುಕಾಗದದ ಪಟ್ಟಿಯನ್ನು ಪ್ರನಾಳದ ಬಾಯಿಗೆ ಹಿಡಿಯುವುದು. ಸಲ್ಫರ್ ಡೈಆಕ್ಸೈಡ್ ತಗುಲಿದೊಡನೆ ಗುಲಾಬಿ ಬಣ್ಣ ಹಾರಿಹೋಗುತ್ತದೆ. ಕ್ರಿಯೆ ಪೂರ್ತಿಯಾಗಿದ್ದರೆ 2 ಗ್ರಾಂ ಹರಳಿನಿಂದ ಉಳಿಯುವ ಕೆಂಪು ಪುಡಿ 0.57 ಗ್ರಾಂ ಮಾತ್ರ. ಬಿಳಿ ಹಂತದಲ್ಲಿ ನಿಲ್ಲಿಸಿದರೆ 1.1 ಗ್ರಾಂ. ಶಾಲೆಯಲ್ಲಿ 0.01 ಗ್ರಾಂ ತೂಗುವ ತಕ್ಕಡಿಯಿದ್ದರೆ, ಬಣ್ಣ ನೋಡಿ ವಾದ ಮಾಡುವುದಕ್ಕಿಂತ ತೂಗಿ ತೀರ್ಮಾನಿಸಬಹುದು.

ಪುಸ್ತಕದ ಇನ್ನೊಂದು ಪ್ರಯೋಗ ಲೆಡ್ ನೈಟ್ರೇಟ್‌ನದು. ಕಂದು ಹೊಗೆ ನೋಡಲು ಚೆಂದ, ಆದರೆ ಅದು ವಿಷಕಾರಿ ನೈಟ್ರೋಜನ್ ಡೈಆಕ್ಸೈಡ್. 2 ಗ್ರಾಂ ಕಾಯಿಸಿದರೆ ಸುಮಾರು 300 ಮಿಲಿಲೀಟರ್ ಹೊಗೆ ಬರುತ್ತದೆ. ಕಿಟಕಿ ಕಡಿಮೆಯಿರುವ ಕೋಣೆಯಲ್ಲಿ ಹತ್ತು ಗುಂಪುಗಳು ಒಟ್ಟಿಗೆ ಮಾಡಿದರೆ ಮೂರು ಲೀಟರ್. ಇದನ್ನು ಶಿಕ್ಷಕರೊಬ್ಬರೇ, ಅರ್ಧ ಗ್ರಾಂನಲ್ಲಿ, ವರಾಂಡದಲ್ಲಿ ಮಾಡಿ ತೋರಿಸಬೇಕು. ಹರಳು ಕಾದಾಗ ಚಟಪಟ ಸಿಡಿಯುತ್ತದೆ, ಆದ್ದರಿಂದ ಮೊದಲೇ ಪುಡಿ ಮಾಡಿಕೊಳ್ಳಿ. ಉಳಿಯುವ ಲೆಡ್ ಆಕ್ಸೈಡ್ ಬಿಸಿಯಿದ್ದಾಗ ಕೆಂಪುಕಂದಾಗಿದ್ದು, ಆರಿದಾಗ ಹಳದಿಯಾಗುತ್ತದೆ. ಅದು ಗಾಜಿಗೆ ಅಂಟಿ ಪ್ರನಾಳವನ್ನೇ ಕೆಡಿಸುತ್ತದೆ. ಸೀಸದ ಸಂಯುಕ್ತವಾದ್ದರಿಂದ ಅದನ್ನು ತೊಟ್ಟಿಗೆ ತೊಳೆದುಬಿಡಬಾರದು. ಬೇರೆ ಡಬ್ಬಿಯಲ್ಲಿ ತೆಗೆದಿಡಬೇಕು.

ಸುಣ್ಣದ ಗೂಡಿನ ಲೆಕ್ಕ

ಹೊಸದುರ್ಗದ ಕಡೆ ಸುಣ್ಣದಕಲ್ಲು ಸಿಗುತ್ತದೆ. ಅದರ ಒಂದು ಚೂರನ್ನು ಪ್ರನಾಳಕ್ಕೆ ಹಾಕಿ ಸ್ಪಿರಿಟ್ ದೀಪದ ಮೇಲೆ ಅರ್ಧ ಗಂಟೆ ಹಿಡಿದರೂ ಏನೂ ಆಗುವುದಿಲ್ಲ. ಸುಣ್ಣದಕಲ್ಲು ಸರಾಗವಾಗಿ ಒಡೆಯಲು ಸುಮಾರು 900 ಡಿಗ್ರಿ ಸೆಲ್ಸಿಯಸ್ ಬೇಕು. ಶಾಲೆಯ ಸಾಮಾನ್ಯ ಗಾಜು ಅಷ್ಟು ಬಿಸಿಯಾಗುವುದಕ್ಕೆ ಮೊದಲೇ ಮೆತ್ತಗಾಗಿ ಬಾಗುತ್ತದೆ. ಸಮೀಕರಣ ಬರೆದು "ಕಾಯಿಸಿದಾಗ" ಎಂದು ಬಾಣದ ಮೇಲೆ ಹಾಕುವುದು ಸುಲಭ. ಎಷ್ಟು ಕಾಯಿಸಬೇಕು ಎಂಬುದು ಸುಣ್ಣ ಸುಡುವವರಿಗೆ ಗೊತ್ತು.

ಗೂಡಿನಲ್ಲಿ ಕಲ್ಲು ಮತ್ತು ಇದ್ದಿಲನ್ನು ಪದರಪದರವಾಗಿ ತುಂಬಿ ಕೆಳಗಿನಿಂದ ಗಾಳಿ ಆಡುವಂತೆ ಮಾಡುತ್ತಾರೆ. ಆ ಗಾಳಿಗೆ ಎರಡು ಕೆಲಸ. ಇದ್ದಿಲಿಗೆ ಆಕ್ಸಿಜನ್ ಕೊಡುವುದು ಒಂದು. ಕಲ್ಲಿನಿಂದ ಹೊರಬಂದ ಕಾರ್ಬನ್ ಡೈಆಕ್ಸೈಡನ್ನು ಹೊತ್ತೊಯ್ಯುವುದು ಇನ್ನೊಂದು. ಎರಡನೆಯದನ್ನು ಪಾಠದಲ್ಲಿ ಹೇಳುವುದೇ ಕಡಿಮೆ. ಈ ವಿಭಜನೆ ಹಿಂದಕ್ಕೂ ತಿರುಗಬಲ್ಲದು. ಅನಿಲ ಹೊರಹೋಗದೆ ಅಲ್ಲೇ ತುಂಬಿಕೊಂಡರೆ ಸುಟ್ಟ ಸುಣ್ಣ ಅದನ್ನು ಮತ್ತೆ ಹೀರಿ ಕಲ್ಲಾಗುತ್ತದೆ. ಮುಚ್ಚಿದ ಪಾತ್ರೆಯಲ್ಲಿ ಸುಣ್ಣ ಸುಡಲಾಗದಿರುವುದು ಅದಕ್ಕೇ.

ಈಗ ತೂಕ ನೋಡೋಣ. 100 ಗ್ರಾಂ ಶುದ್ಧ ಕ್ಯಾಲ್ಸಿಯಂ ಕಾರ್ಬೋನೇಟ್ 56 ಗ್ರಾಂ ಕ್ಯಾಲ್ಸಿಯಂ ಆಕ್ಸೈಡ್ ಮತ್ತು 44 ಗ್ರಾಂ ಕಾರ್ಬನ್ ಡೈಆಕ್ಸೈಡ್ ಆಗುತ್ತದೆ. ಇದಕ್ಕೆ ಬೇಕಾಗುವ ಶಾಖ ಸುಮಾರು 178 ಕಿಲೋಜೂಲ್. 12 ಗ್ರಾಂ ಇಂಗಾಲ ಪೂರ್ತಿ ಉರಿದರೆ ಸಿಗುವುದು ಸುಮಾರು 394 ಕಿಲೋಜೂಲ್. ಹಾಗಾದರೆ 1000 ಕೆ.ಜಿ ಕಲ್ಲನ್ನು ಒಡೆಯಲು ಲೆಕ್ಕದ ಪ್ರಕಾರ 54 ಕೆ.ಜಿ ಇಂಗಾಲ ಸಾಕು. ನಿಜದ ಗೂಡಿಗೆ ಇದು ಸಾಲುವುದೇ ಇಲ್ಲ: ಕಲ್ಲನ್ನು 900 ಡಿಗ್ರಿಗೆ ಏರಿಸಬೇಕು, ಗೋಡೆ ಕಾಯಬೇಕು, ಹೊಗೆಯ ಜೊತೆ ಹೋಗುವ ಬಿಸಿಯೂ ಇದೆ. ಉರುವಲು ಅಷ್ಟೇ ಹಿಡಿದರೂ ಕಲ್ಲಿನಿಂದ 440 ಕೆ.ಜಿ, ಉರುವಲಿನಿಂದ ಸುಮಾರು 200 ಕೆ.ಜಿ ಕಾರ್ಬನ್ ಡೈಆಕ್ಸೈಡ್ ಹೊರಬರುತ್ತದೆ. ಒಂದೇ ಅನಿಲ, ಆದರೆ ಒಂದು ಪಾಲು ವಿಭಜನೆಯದು, ಇನ್ನೊಂದು ದಹನದ್ದು.

ಕಲ್ಲಿನ ಗಾತ್ರವೂ ಮುಖ್ಯ. ದೊಡ್ಡ ಗುಂಡು ಹಾಕಿದರೆ ಹೊರಗೆ ಸುಣ್ಣವಾಗಿ ಒಳಗೆ ಹಸಿಕಲ್ಲು ಉಳಿಯುತ್ತದೆ. ತೀರಾ ಪುಡಿಯಾದರೆ ಸಂದು ಮುಚ್ಚಿ ಗಾಳಿ ಆಡುವುದಿಲ್ಲ. ಮಿತಿಮೀರಿ ಸುಟ್ಟರೆ ಸುಣ್ಣದ ರಂಧ್ರಗಳು ಮುಚ್ಚಿಕೊಂಡು ನೀರು ಹಾಕಿದರೂ ಬೇಗ ಅರಳುವುದಿಲ್ಲ. ಚೆನ್ನಾಗಿ ಬೆಂದ ಸುಣ್ಣವನ್ನು ಅರಳಿಸುವಾಗ ನೀರಿಗೆ ಸುಣ್ಣ ಸ್ವಲ್ಪಸ್ವಲ್ಪವೇ ಹಾಕಬೇಕು. ಸುಣ್ಣದ ರಾಶಿಗೆ ನೀರು ಚೆಲ್ಲಿದರೆ ಅಲ್ಲೇ ಕುದಿದು ಕಣ್ಣಿಗೆ ಸಿಡಿಯುತ್ತದೆ.

ತರಗತಿಯಲ್ಲಿ ಸುಣ್ಣದಕಲ್ಲಿನ ಬದಲು ಅಡುಗೆ ಸೋಡಾ ತೆಗೆದುಕೊಳ್ಳಿ. ಸೋಡಿಯಂ ಬೈಕಾರ್ಬೋನೇಟ್ 100 ಡಿಗ್ರಿಯ ಆಸುಪಾಸಿನಲ್ಲೇ ಒಡೆಯತೊಡಗುತ್ತದೆ, ಸ್ಪಿರಿಟ್ ದೀಪಕ್ಕೆ ಇದು ಕಷ್ಟವಲ್ಲ. 2 ಗ್ರಾಂ ಸೋಡಾ ಪೂರ್ತಿ ಒಡೆದರೆ 1.26 ಗ್ರಾಂ ಸೋಡಿಯಂ ಕಾರ್ಬೋನೇಟ್ ಉಳಿಯುತ್ತದೆ. ಹೊರಬರುವ ಅನಿಲವನ್ನು ಬಾಗಿದ ನಳಿಕೆಯಿಂದ ಸುಣ್ಣದ ತಿಳಿನೀರಿಗೆ ಬಿಟ್ಟರೆ ನೀರು ಹಾಲಿನಂತೆ ಬೆಳ್ಳಗಾಗುತ್ತದೆ. ತಿಳಿನೀರಿಗೆ ಎಲೆಅಡಿಕೆಯ ಸುಣ್ಣವೇ ಸಾಕು: ಒಂದು ಲೀಟರ್ ನೀರಿಗೆ ಒಂದು ಚಮಚ ಹಾಕಿ ಕುಲುಕಿ, ರಾತ್ರಿಯಿಡೀ ತಂಗಲು ಬಿಟ್ಟು, ಮೇಲಿನ ತಿಳಿಯನ್ನು ಬಗ್ಗಿಸಿಕೊಂಡು ಬಿಗಿಯಾಗಿ ಮುಚ್ಚಿಡಿ. ಬಾಯಿ ತೆರೆದಿಟ್ಟರೆ ಗಾಳಿಯ ಕಾರ್ಬನ್ ಡೈಆಕ್ಸೈಡ್‌ಗೇ ಕೆನೆ ಕಟ್ಟಿ ಕೆಡುತ್ತದೆ.

ಇಲ್ಲಿ ಎರಡು ಕಡೆ ಎಚ್ಚರ ಬೇಕು. ದೀಪ ತೆಗೆಯುವ ಮೊದಲು ನಳಿಕೆಯ ತುದಿಯನ್ನು ನೀರಿನಿಂದ ಎತ್ತಬೇಕು. ಇಲ್ಲದಿದ್ದರೆ ಪ್ರನಾಳ ತಣ್ಣಗಾದಂತೆ ತಿಳಿನೀರನ್ನು ಒಳಗೆಳೆದುಕೊಂಡು ಒಡೆಯುತ್ತದೆ. ಇನ್ನೊಂದು, ಬೆಳ್ಳಗಾದ ಮೇಲೂ ಅನಿಲ ಬಿಡುತ್ತಲೇ ಇದ್ದರೆ ನೀರು ಮತ್ತೆ ತಿಳಿಯಾಗುತ್ತದೆ. ಪ್ರಯೋಗ ತಪ್ಪಿತೆಂದು ಗಾಬರಿ ಬೇಡ. ಕರಗದ ಕಾರ್ಬೋನೇಟ್ ಈಗ ಕರಗುವ ಬೈಕಾರ್ಬೋನೇಟ್ ಆಗಿದೆ, ಬೋರ್‌ವೆಲ್ ನೀರಿನಲ್ಲಿರುವುದೂ ಇದೇ. ಆ ತಿಳಿನೀರನ್ನು ಕುದಿಸಿದರೆ ಬಿಳಿ ಮರಳಿ ಬರುತ್ತದೆ.

ಉರಿಯುವುದು ಕಟ್ಟಿಗೆಯಲ್ಲ, ಅದರ ಹೊಗೆ

ಮದ್ದು ಮುರಿದು ತೆಗೆದ ಏಳೆಂಟು ಬೆಂಕಿಕಡ್ಡಿಗಳನ್ನು ತುಂಡು ಮಾಡಿ ಒಣ ಪ್ರನಾಳಕ್ಕೆ ಹಾಕಿ, ಬಾಯಿಯನ್ನು ತುಸು ಕೆಳಗೆ ಬಾಗಿಸಿ ಕಾಯಿಸಿ. ಪ್ರನಾಳದೊಳಗೆ ಗಾಳಿ ಸಾಲದಿರುವುದರಿಂದ ಕಡ್ಡಿ ಹೊತ್ತಿಕೊಳ್ಳುವುದಿಲ್ಲ. ಬಿಳಿಹಳದಿ ಹೊಗೆ ದಟ್ಟವಾಗಿ ಬರುತ್ತದೆ. ಗಾಜಿನ ಮೇಲೆ ನೀರು, ಕಂದು ಡಾಂಬರಿನಂಥ ಅಂಟು ಕೂರುತ್ತದೆ. ಆ ನೀರಿಗೆ ನೀಲಿ ಲಿಟ್ಮಸ್ ಮುಟ್ಟಿಸಿದರೆ ಕೆಂಪಾಗುತ್ತದೆ, ಅದರಲ್ಲಿ ಅಸಿಟಿಕ್ ಆಮ್ಲ ಇದೆ. ಈಗ ಬಾಯಿಯಲ್ಲಿ ಬರುತ್ತಿರುವ ಹೊಗೆಗೆ ಉರಿಯುವ ಕಡ್ಡಿ ಹಿಡಿಯಿರಿ: ಹೊಗೆಯೇ ಹೊತ್ತಿ ಉರಿಯುತ್ತದೆ. ಕೊನೆಗೆ ಒಳಗೆ ಉಳಿಯುವುದು ಇದ್ದಿಲು.

ಒಲೆಯಲ್ಲಿ ನಡೆಯುವುದೂ ಇದೇ. ಕಟ್ಟಿಗೆ ಮೊದಲು ಬಿಸಿಗೆ ವಿಭಜನೆಯಾಗಿ ಉರಿಯುವ ಅನಿಲಗಳನ್ನು ಬಿಡುತ್ತದೆ. ಅವು ಗಾಳಿಯ ಆಕ್ಸಿಜನ್ ಜೊತೆ ಕೂಡಿ ಜ್ವಾಲೆಯಾಗುತ್ತವೆ. ಆ ಜ್ವಾಲೆಯ ಶಾಖದಲ್ಲಿ ಒಂದು ಪಾಲು ಹಿಂದಿರುಗಿ ಮುಂದಿನ ಕಟ್ಟಿಗೆಯನ್ನು ಒಡೆಯುತ್ತದೆ. ಅನಿಲ ಮುಗಿದ ಮೇಲೆ ಇದ್ದಿಲು ಹೆಚ್ಚು ಜ್ವಾಲೆಯಿಲ್ಲದೆ ಕೆಂಡವಾಗಿ ಉರಿಯುತ್ತದೆ. ಹಸಿ ಕಟ್ಟಿಗೆ ಹೊಗೆಯುಗುಳುತ್ತದೆ ಯಾಕೆ? ಶಾಖವೆಲ್ಲ ನೀರನ್ನು ಆವಿ ಮಾಡಲು ಹೋಗುತ್ತದೆ. ಅನಿಲ ಹೊರಡುತ್ತದೆ, ಆದರೆ ಹೊತ್ತಿಕೊಳ್ಳುವಷ್ಟು ತಾಪ ಅಲ್ಲಿರುವುದಿಲ್ಲ.

ದಾವಣಗೆರೆಯ ಮಂಡಕ್ಕಿ ಭಟ್ಟಿ ಈ ಪಾಠಕ್ಕೆ ಒಳ್ಳೆಯ ಜಾಗ. ಭತ್ತದ ಹೊಟ್ಟನ್ನು ಉರುವಲಾಗಿ ಬಳಸುವಲ್ಲಿ ಬೂದಿಯ ಬಣ್ಣ ನೋಡಿಯೇ ದಹನ ಹೇಗಾಗಿದೆ ಎಂದು ಹೇಳಬಹುದು. ಹೊಟ್ಟಿನ ತೂಕದ ಐದರಲ್ಲಿ ಒಂದು ಪಾಲು ಬೂದಿಯೇ ಆಗುತ್ತದೆ; ಉರುವಲುಗಳಲ್ಲಿ ಇದು ಬಹಳ ಹೆಚ್ಚು. ಆ ಬೂದಿ ಬಹುಪಾಲು ಸಿಲಿಕಾ, ಅಂದರೆ ಆಕ್ಸಿಜನ್ ಜೊತೆ ಆಗಲೇ ಕೂಡಿರುವ ಸಿಲಿಕಾನ್. ಅದು ಇನ್ನು ಉರಿಯಲಾರದು. ಬೂದಿ ಬೂದುಬಿಳಿ ಇದ್ದರೆ ಇಂಗಾಲವೆಲ್ಲ ಉರಿದಿದೆ. ಕಪ್ಪಾಗಿದ್ದರೆ ಗಾಳಿ ತಲುಪದೆ ಇಂಗಾಲ ಉಳಿದಿದೆ, ಆ ಮಟ್ಟಿಗೆ ಉರುವಲು ದಂಡ. ಹೊಟ್ಟನ್ನು ಒಮ್ಮೆಲೇ ಸುರಿದರೆ ಪದರ ದಪ್ಪವಾಗಿ ಉಸಿರು ಕಟ್ಟುತ್ತದೆ. ಬ್ಲೋವರ್ ಅತಿಯಾದರೆ ತಣ್ಣಗಿನ ಗಾಳಿಯೇ ಬೆಂಕಿಯ ತಾಪವನ್ನು ಇಳಿಸುತ್ತದೆ.

ಅಂದಹಾಗೆ ಅಕ್ಕಿ ಮಂಡಕ್ಕಿಯಾಗುವುದು ವಿಭಜನೆಯಲ್ಲ. ಕಾದ ಮರಳಿನಲ್ಲಿ ಅಕ್ಕಿಯೊಳಗಿನ ನೀರು ಆವಿಯಾಗಿ ಕಾಳನ್ನು ಹಿಗ್ಗಿಸುತ್ತದೆ, ಅದು ಮುಖ್ಯವಾಗಿ ಭೌತ ಬದಲಾವಣೆ. ಮರಳಿನಲ್ಲೇ ಉಳಿದು ಕರಕಲಾದ ಕಾಳಿನಲ್ಲಿ ಮಾತ್ರ ಪಿಷ್ಟ ಒಡೆದು ಇಂಗಾಲ ಉಳಿದಿರುತ್ತದೆ.

ಒಂದು ಸಿಲಿಂಡರ್‌ನಿಂದ ಎಷ್ಟು ನೀರು?

ಮನೆಯ ಗ್ಯಾಸ್ ಸಿಲಿಂಡರ್‌ನಲ್ಲಿರುವುದು ಪ್ರೊಪೇನ್ ಮತ್ತು ಬ್ಯುಟೇನ್ ಮಿಶ್ರಣ. ಲೆಕ್ಕಕ್ಕೆ ಪೂರ್ತಿ ಬ್ಯುಟೇನ್ ಎಂದುಕೊಳ್ಳೋಣ. ಒಂದು ಬ್ಯುಟೇನ್ ಅಣುವಿನಲ್ಲಿ 4 ಕಾರ್ಬನ್, 10 ಹೈಡ್ರೋಜನ್. ಸಮೀಕರಣ ಸರಿದೂಗಿಸುವಾಗ ಮೊದಲು ಕಾರ್ಬನ್, ಆಮೇಲೆ ಹೈಡ್ರೋಜನ್, ಕೊನೆಗೆ ಆಕ್ಸಿಜನ್ ನೋಡಬೇಕು. 4 ಕಾರ್ಬನ್‌ಗೆ 4 ಕಾರ್ಬನ್ ಡೈಆಕ್ಸೈಡ್. 10 ಹೈಡ್ರೋಜನ್‌ಗೆ 5 ನೀರು. ಬಲಗಡೆ ಆಕ್ಸಿಜನ್ ಪರಮಾಣು 8 ಮತ್ತು 5, ಒಟ್ಟು 13. ಆಕ್ಸಿಜನ್ ಅಣುವಿನಲ್ಲಿ ಪರಮಾಣು ಎರಡೆರಡು ಇರುವುದರಿಂದ ಆರೂವರೆ ಅಣು ಬೇಕಾಗುತ್ತದೆ. ಅರ್ಧ ತೆಗೆಯಲು ಎಲ್ಲವನ್ನೂ ಇಮ್ಮಡಿ ಮಾಡಿ:

2 ಬ್ಯುಟೇನ್ + 13 ಆಕ್ಸಿಜನ್ → 8 ಕಾರ್ಬನ್ ಡೈಆಕ್ಸೈಡ್ + 10 ನೀರು

ಆಕ್ಸಿಜನ್‌ನಿಂದಲೇ ಶುರು ಮಾಡಿದವರು ಸುತ್ತಿ ಸುತ್ತಿ ಅದೇ ಜಾಗಕ್ಕೆ ಬರುತ್ತಾರೆ, ಯಾಕೆಂದರೆ ಅದು ಎರಡು ಉತ್ಪನ್ನಗಳಲ್ಲೂ ಇದೆ.

14.2 ಕೆ.ಜಿ ಸಿಲಿಂಡರ್ ಪೂರ್ತಿ ಉರಿಯಲು ಸುಮಾರು 51 ಕೆ.ಜಿ ಆಕ್ಸಿಜನ್ ಬೇಕು. ಹೊರಬರುವುದು 43 ಕೆ.ಜಿ ಕಾರ್ಬನ್ ಡೈಆಕ್ಸೈಡ್ ಮತ್ತು 22 ಕೆ.ಜಿ ನೀರಾವಿ. ಎರಡೂ ಕಡೆ ಕೂಡಿಸಿ, 65ಕ್ಕೆ ಸರಿಹೋಗುತ್ತದೆ. ಗಾಳಿಯ ತೂಕದಲ್ಲಿ ಆಕ್ಸಿಜನ್ ನಾಲ್ಕನೇ ಒಂದಕ್ಕಿಂತಲೂ ಕಡಿಮೆ. ಹಾಗಾಗಿ ಒಂದು ಸಿಲಿಂಡರ್ ಖಾಲಿಯಾಗುವುದರೊಳಗೆ ಇನ್ನೂರು ಕೆ.ಜಿಗೂ ಮಿಕ್ಕಿ ಗಾಳಿ ಒಲೆಯನ್ನು ಹಾದುಹೋಗಿರುತ್ತದೆ.

ಆ ಗಾಳಿ ಕಡಿಮೆಯಾದಾಗ ಜ್ವಾಲೆ ನೀಲಿಯಿಂದ ಹಳದಿಗೆ ತಿರುಗುತ್ತದೆ. ಬರ್ನರ್ ತೂತಿಗೆ ಉಕ್ಕಿದ ಹಾಲು, ಎಣ್ಣೆ ಕಟ್ಟಿಕೊಂಡಿರಬಹುದು, ಗಾಳಿ ಎಳೆದುಕೊಳ್ಳುವ ಕಿಂಡಿಯಲ್ಲಿ ಜೇಡ ಬಲೆ ಕಟ್ಟಿರಬಹುದು. ಹಳದಿ ಬಣ್ಣ ಬರುವುದು ಉರಿಯದ ಇಂಗಾಲದ ಕಣಗಳು ಕಾದು ಹೊಳೆಯುವುದರಿಂದ. ಪಾತ್ರೆಗೆ ಮಸಿಯಾಗಿ ಹತ್ತುವುದೂ ಅವೇ. ಮಸಿ ಕಣ್ಣಿಗೆ ಕಾಣುತ್ತದೆ, ಅದರ ಜೊತೆ ಬರುವ ಕಾರ್ಬನ್ ಮೊನಾಕ್ಸೈಡ್ ಕಾಣುವುದೂ ಇಲ್ಲ, ವಾಸನೆಯೂ ಇಲ್ಲ. ರಕ್ತದ ಹಿಮೋಗ್ಲೋಬಿನ್‌ಗೆ ಅದು ಆಕ್ಸಿಜನ್‌ಗಿಂತ ಇನ್ನೂರು ಪಟ್ಟಿಗೂ ಹೆಚ್ಚು ಬಲವಾಗಿ ಅಂಟಿಕೊಳ್ಳುತ್ತದೆ. ಚಳಿಗೆಂದು ಕೆಂಡದ ಬಾಂಡಲಿ ಒಳಗಿಟ್ಟು, ಕಿಟಕಿ ಮುಚ್ಚಿ ಮಲಗುವುದು ಪ್ರಾಣಕ್ಕೇ ಅಪಾಯ. ಇದನ್ನು ಅಂಕಕ್ಕಾಗಿ ಅಲ್ಲದೆ ಮನೆಗಾಗಿಯೂ ಮಕ್ಕಳಿಗೆ ಹೇಳಲೇಬೇಕು.

ಕೋಟೆಯ ಕಲ್ಲು ಹೇಳುವ ರಸಾಯನ

ಚಿತ್ರದುರ್ಗದ ಕೋಟೆಯೊಳಗೆ ಗುಂಡಿಯಲ್ಲಿ ನಿಂತ ದೊಡ್ಡ ಬೀಸುವ ಕಲ್ಲುಗಳನ್ನು ತೋರಿಸಿ, ಇವು ಮದ್ದು ಬೀಸುವ ಕಲ್ಲು ಎನ್ನುತ್ತಾರೆ. ಕರಿಮದ್ದಿನಲ್ಲಿರುವುದು ಪೆಟ್ಲುಪ್ಪು, ಇದ್ದಿಲು, ಗಂಧಕ. ಇದ್ದಿಲು, ಗಂಧಕ ಉರುವಲು. ಹಾಗಾದರೆ ತೋಪಿನ ನಳಿಗೆಯೊಳಗೆ, ಗಾಳಿಯೇ ಸಾಲದ ಕಡೆ, ಆಕ್ಸಿಜನ್ ಎಲ್ಲಿಂದ? ಪೆಟ್ಲುಪ್ಪಿನಿಂದ. ಅದು ಪೊಟ್ಯಾಸಿಯಂ ನೈಟ್ರೇಟ್. ಅದನ್ನೊಂದನ್ನೇ ಜೋರಾಗಿ ಕಾಯಿಸಿದರೂ ಒಡೆದು ಪೊಟ್ಯಾಸಿಯಂ ನೈಟ್ರೈಟ್ ಉಳಿಸಿ ಆಕ್ಸಿಜನ್ ಬಿಡುತ್ತದೆ. ವಿಭಜನೆ ಇಲ್ಲಿ ದಹನಕ್ಕೆ ಗಾಳಿಯ ಬದಲಿಗೆ ನಿಂತಿದೆ. ನುಣ್ಣಗೆ ಬೀಸುವುದರ ಅರ್ಥವೂ ಇದೇ. ಆಕ್ಸಿಜನ್ ಕೊಡುವ ಕಣವೂ ಉರಿಯುವ ಕಣವೂ ಒಂದಕ್ಕೊಂದು ತಾಗಿಕೊಂಡಿದ್ದಷ್ಟೂ ಕ್ರಿಯೆ ಬೇಗ. ಹಬ್ಬದ ಪಟಾಕಿಯನ್ನು ಬಿಚ್ಚಿ ಮದ್ದು ಕೂಡಿಹಾಕುವ ಆಟದಲ್ಲಿ ಕೈಬೆರಳು ಹೋಗುವುದು ಕೂಡ ಈ ವೇಗದಿಂದಲೇ. ನೀರು ಬಿಟ್ಟು ಬೇರೇನೂ ಅದನ್ನು ಸುಲಭಕ್ಕೆ ನಿಲ್ಲಿಸದು, ಮಣ್ಣು ಮುಚ್ಚಿದರೂ ಒಳಗೇ ಉರಿಯುತ್ತದೆ.

ಪರೀಕ್ಷೆಯಲ್ಲಿ ಎಡವುವ ಕಡೆ

ಇಂಗಾಲ ಉರಿದು ಕಾರ್ಬನ್ ಡೈಆಕ್ಸೈಡ್ ಆಗುವುದು ದಹನವೂ ಹೌದು, ಸಂಯೋಗವೂ (ಪದಾರ್ಥಗಳು ಕೂಡಿ ಒಂದೇ ಉತ್ಪನ್ನವಾಗುವುದು) ಹೌದು. ಮೆಗ್ನೀಸಿಯಂ ಉರಿಯುವುದೂ ಹಾಗೆಯೇ. ಬ್ಯುಟೇನ್ ಉರಿಯುವುದು ಸಂಯೋಗವಲ್ಲ, ಉತ್ಪನ್ನಗಳು ಎರಡು. ವಿಭಜನೆಗಳೆಲ್ಲ ಅಂತರುಷ್ಣಕ, ಅಂದರೆ ಶಾಖ ಹೀರುವಂಥವು ಎಂದು ಬರೆಯಬೇಡಿ. ಹೆಚ್ಚಿನವು ಹಾಗಿದ್ದರೂ ಹೈಡ್ರೋಜನ್ ಪೆರಾಕ್ಸೈಡ್ ಒಡೆಯುವಾಗ ಶಾಖ ಕೊಡುತ್ತದೆ. ತಿಪ್ಪೆ ಬಿಸಿಯಾಗುವುದನ್ನು ಶಾಖದಿಂದಾಗುವ ವಿಭಜನೆಯ ಜೊತೆ ಸೇರಿಸಬೇಡಿ. ಅಲ್ಲಿ ಸೂಕ್ಷ್ಮಜೀವಿಗಳು ಆಕ್ಸಿಜನ್ ಬಳಸಿ ಕಸವನ್ನು ನಿಧಾನವಾಗಿ ಉತ್ಕರ್ಷಿಸುತ್ತಿವೆ.

ನೀರಿನ ವಿದ್ಯುದ್ವಿಭಜನೆಯಲ್ಲಿ (ವಿದ್ಯುತ್ ಹಾಯಿಸಿ ಒಡೆಯುವುದು) ಎರಡೂ ಕ್ರಿಯೆಗಳು ಎದುರುಬದುರಾಗಿ ನಿಲ್ಲುತ್ತವೆ. 9 ವೋಲ್ಟ್ ಬ್ಯಾಟರಿ, ಎರಡು ಇಂಗಾಲದ ಕಡ್ಡಿ, ಭಟ್ಟಿ ಇಳಿಸಿದ ನೀರಿಗೆ ಕೆಲವು ಹನಿ ಸಾರರಿಕ್ತ (ತೆಳು) ಸಲ್ಫ್ಯೂರಿಕ್ ಆಮ್ಲ ಇದ್ದರೆ ಆಯಿತು. ಆಮ್ಲದ ಬದಲು ಅಡುಗೆ ಉಪ್ಪು ಹಾಕಿದರೆ ಆ್ಯನೋಡ್‌ನಲ್ಲಿ (ಧನ ತುದಿಯ ಕಡ್ಡಿ) ಆಕ್ಸಿಜನ್ ಜಾಗದಲ್ಲಿ ಕ್ಲೋರಿನ್ ಬರತೊಡಗುತ್ತದೆ. ಉಪ್ಪುಪ್ಪಾದ ಬೋರ್‌ವೆಲ್ ನೀರಿನಲ್ಲೂ ಇದೇ ಕಾಟ. ಕ್ಯಾಥೋಡ್‌ನ (ಋಣ ತುದಿಯ ಕಡ್ಡಿ) ಹೈಡ್ರೋಜನ್‌ಗೆ ಉರಿಯುವ ಕಡ್ಡಿ ಹಿಡಿದರೆ ಪಟ್ ಎಂದು ಉರಿದು ಮತ್ತೆ ನೀರಾಗುತ್ತದೆ. 18 ಗ್ರಾಂ ನೀರು ಒಡೆಯಲು ಬೇಕಾದ ಶಕ್ತಿ ಸುಮಾರು 286 ಕಿಲೋಜೂಲ್, ಅಷ್ಟು ಹೈಡ್ರೋಜನ್ ಉರಿದು ನೀರಾದಾಗ ಬರುವುದೂ ಅಷ್ಟೇ. ಅನಿಲಗಳ ಗಾತ್ರ 2ಕ್ಕೆ 1 ಇರಬೇಕು, ಆದರೆ ಶಾಲೆಯ ಉಪಕರಣದಲ್ಲಿ ಆಕ್ಸಿಜನ್ ಸಾಮಾನ್ಯವಾಗಿ ಅರ್ಧಕ್ಕಿಂತ ತುಸು ಕಡಿಮೆಯೇ ಸಿಗುತ್ತದೆ. ಒಂದಿಷ್ಟು ನೀರಿನಲ್ಲಿ ಕರಗುತ್ತದೆ, ಒಂದಿಷ್ಟು ಇಂಗಾಲದ ಕಡ್ಡಿಯನ್ನೇ ಉತ್ಕರ್ಷಿಸುತ್ತದೆ. ಅಳತೆಯಲ್ಲಿ ಬಂದದ್ದನ್ನೇ ಬರೆದು, ಪಕ್ಕದಲ್ಲಿ ಈ ಎರಡು ಕಾರಣ ಸೇರಿಸಿ. 2ಕ್ಕೆ 1 ಎಂದು ತಿದ್ದಿ ಬರೆಯುವುದು ಬೇಡ.